ಮನೆಕೂಟ ಮುಗಿದ ಮೇಲಿನ ಶಿಷ್ಯತ್ವ

ನಮ್ಮ ಕ್ರೈಸ್ತ ಸಭೆಯ ಮನೆಕೂಟಗಳು, ಅಂದರೆ ಸದಸ್ಯರ ಮನೆಗಳಲ್ಲಿ ಸೇರುವ ಪ್ರಾರ್ಥನಾಕೂಟಗಳು, ವಾರದ ನಡುವೆ, ಸಂಜೆಯ ಹೊತ್ತು ನಡೆಯುತ್ತವೆ. ಎರಡು ಹಾಡು, ಬೈಬಲಿನ ವಾಕ್ಯಭಾಗದ ಓದು, ಅದರ ವಿವರಣೆ, ಪ್ರಾರ್ಥನಾ ವಿಷಯಗಳು, ಕೊನೆಗೆ ಕಾಫಿ. ಶಿವಮೊಗ್ಗದ ಬಡಾವಣೆಯಲ್ಲಾಗಲಿ, ತೀರ್ಥಹಳ್ಳಿ ಕಡೆಯ ತೋಟದ ಮನೆಯಲ್ಲಾಗಲಿ ಕ್ರಮ ಹೆಚ್ಚುಕಡಿಮೆ ಇದೇ. ಈ ಕ್ರಮದ ಬಗ್ಗೆ ನನಗೆ ಬಹಳ ಗೌರವವಿದೆ. ಆದರೆ ಒಬ್ಬ ವಿಶ್ವಾಸಿ ಕ್ರಿಸ್ತನ ಶಿಷ್ಯನಾಗಿ ಬೆಳೆಯುವುದು ಬಹುಮಟ್ಟಿಗೆ ಆ ಗಂಟೆಯ ಹೊರಗೆ, ಒಂದು ಕೂಟಕ್ಕೂ ಮುಂದಿನ ಕೂಟಕ್ಕೂ ನಡುವಿನ ದಿನಗಳಲ್ಲಿ ಯಾರು ಯಾರ ಮನೆಯ ಬಾಗಿಲು ತಟ್ಟಿದರು ಎಂಬುದನ್ನು ಅವಲಂಬಿಸಿ ಎಂದು ನಾನು ದೃಢವಾಗಿ ನಂಬುತ್ತೇನೆ.

ಸುವಾರ್ತೆಗಳಲ್ಲೇ ಇದಕ್ಕೆ ಆಧಾರವಿದೆ. ಯೇಸು 12 ಮಂದಿಯನ್ನು ನೇಮಿಸಿದ್ದನ್ನು ಹೇಳುವಾಗ ಮಾರ್ಕನು (3:14) ಮೊದಲು ಬರೆಯುವುದು ಅವರು ಆತನ ಸಂಗಡ ಇರಬೇಕೆಂಬುದನ್ನು. ಸಾರುವುದಕ್ಕೆ ಕಳುಹಿಸುವ ಮಾತು ಅನಂತರದ್ದು. ಗುಡಾರ ಮಾಡುವ ಕಸುಬಿನ ಅಕ್ವಿಲ ಮತ್ತು ಪ್ರಿಸ್ಕಿಲ್ಲ ಎಂಬ ದಂಪತಿಯ ಮನೆಯಲ್ಲಿ, ಕೊರಿಂಥದಲ್ಲಿ, ಅಪೊಸ್ತಲ ಪೌಲನು ಇದ್ದುಕೊಂಡು ಅವರೊಡನೆ ಅದೇ ಕೆಲಸ ಮಾಡಿದನು. ಮುಂದೆ ಎಫೆಸದಲ್ಲಿ ಅಪೊಲ್ಲೋಸನೆಂಬ ವಾಗ್ಮಿಯ ತಿಳುವಳಿಕೆಯಲ್ಲಿ ಕೊರತೆ ಕಂಡಾಗ ಈ ದಂಪತಿ ಸಭಾಮಂದಿರದಲ್ಲಿ ಎದ್ದು ನಿಂತು ತಿದ್ದದೆ, ಅವನನ್ನು ತಮ್ಮ ಬಳಿಗೆ ಕರೆದುಕೊಂಡು ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ವಿವರಿಸಿದರು (ಅಪೊಸ್ತಲರ ಕೃತ್ಯಗಳು 18). ಜೊತೆಯಲ್ಲಿ ಬಾಳಿ ಕಲಿತವರು ಕಲಿಸಿದ್ದೂ ಹಾಗೆಯೇ.

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಮೆಥೊಡಿಸ್ಟ್ ಚಳವಳಿಯ ಸ್ಥಾಪಕ ಜಾನ್ ವೆಸ್ಲಿ ಆರಂಭಿಸಿದ, 'ತರಗತಿ'ಗಳೆಂಬ ಚಿಕ್ಕ ಗುಂಪುಗಳ ಕಥೆ ನಮ್ಮವರಿಗೆ ಇನ್ನಷ್ಟು ಗೊತ್ತಿರಬೇಕಿತ್ತು. 1742ರಲ್ಲಿ ಬ್ರಿಸ್ಟಲ್ ಪಟ್ಟಣದ ಪ್ರಾರ್ಥನಾಲಯದ ಸಾಲ ತೀರಿಸಲು, ಸುಮಾರು 12 ಜನರಿಗೆ ಒಬ್ಬ ನಾಯಕನಂತೆ ನೇಮಿಸಿ, ಪ್ರತಿಯೊಬ್ಬರಿಂದ ವಾರಕ್ಕೊಂದು ಪೆನ್ನಿ ಸಂಗ್ರಹಿಸುವ ಏರ್ಪಾಡಾಯಿತು. ಹಣಕ್ಕಾಗಿ ಮನೆಮನೆಗೆ ಹೋದ ನಾಯಕರಿಗೆ ಯಾರು ಹೇಗೆ ಬದುಕುತ್ತಿದ್ದಾರೆ, ಯಾರ ಮನೆಯಲ್ಲಿ ಜಗಳವಿದೆ, ಯಾರು ಕುಡಿತಕ್ಕೆ ಮರಳಿದ್ದಾರೆ ಎಂಬುದು ಕಣ್ಣಿಗೆ ಬಿತ್ತು. ಆತ್ಮಗಳನ್ನು ಪಾಲಿಸಲು ಬೇಕಾಗಿದ್ದ ದಾರಿ ಇದೇ ಎಂದು ವೆಸ್ಲಿ ಕಂಡುಕೊಂಡರು. ಎಲ್ಲರೂ ಒಂದೆಡೆ ಸೇರುವ ಪದ್ಧತಿ ಬಂದದ್ದು ಆಮೇಲೆ. ಹಳೆಯ ಮೈಸೂರು ಸಂಸ್ಥಾನದಲ್ಲಿ ದುಡಿದ ವೆಸ್ಲಿಯನ್ ಮಿಷನ್ ಈ ಪರಂಪರೆಯದು, 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ರೂಪುಗೊಂಡಾಗ ಅದರಲ್ಲಿ ಒಂದಾದ ಧಾರೆಗಳಲ್ಲಿ ಮೆಥೊಡಿಸ್ಟರದೂ ಒಂದು. ಹಾಗಾಗಿ ಮನೆಭೇಟಿ ನಮಗೆ ಹೊರಗಿನಿಂದ ತಂದ ಹೊಸ ವಿಧಾನವೇನೂ ಅಲ್ಲ.

ಮಲೆನಾಡಿನಲ್ಲಿ ಇದು ಹೇಗಿರುತ್ತದೆ ಎಂಬುದಕ್ಕೆ ನಾನು ಕಂಡದ್ದನ್ನೇ ಹೇಳುತ್ತೇನೆ. ನಮ್ಮ ಕೂಟದ ಹಿರಿಯಕ್ಕ ಒಬ್ಬರು ಕೊನೆಕೊಯ್ಲಿನ ದಿನಗಳಲ್ಲಿ ರಾತ್ರಿ ಅಡಿಕೆ ಸುಲಿಯಲು ಕೂರುತ್ತಾರೆ. ಸಭೆಗೆ ಹೊಸದಾಗಿ ಬಂದಿದ್ದ ಯುವಕನೊಬ್ಬ ಅವರ ಮನೆಯಲ್ಲಿ ಸುಲಿಯಲು ಬರುತ್ತಿದ್ದ. ಮೆಟ್ಟುಗತ್ತಿಯ ಮುಂದೆ ಕುಳಿತು, ಹಸಿ ಅಡಿಕೆಯ ಸಿಪ್ಪೆ ಬಿಡಿಸುತ್ತ, ಕೈಯೆಲ್ಲ ಚೊಗರಿನ ಕರೆಯಾಗಿದ್ದ ಅವನು ಒಂದು ರಾತ್ರಿ, "ಅಕ್ಕಾ, ಎಲ್ಲರ ಎದುರು ಪ್ರಾರ್ಥನೆ ಮಾಡೋಕೆ ನಂಗೆ ಬರಲ್ಲ" ಎಂದ. "ನನ್ ಹತ್ರ ಮಾತಾಡ್ತಿದ್ದೀಯಲ್ಲೋ, ಹಾಗೇ ಆತನ ಹತ್ರಾನೂ ಮಾತಾಡು" ಎಂದರು ಅಕ್ಕ, ಕೈಕೆಲಸ ನಿಲ್ಲಿಸದೆ. ಅವನು ತಂದೆಯ ಮೇಲಿನ ಸಿಟ್ಟನ್ನು ಹೇಳಿಕೊಂಡದ್ದೂ ಅಲ್ಲಿಯೇ, ಕ್ಷಮಿಸುವುದು ಎಷ್ಟು ಕಷ್ಟವೆಂದು ಅಕ್ಕ ತಮ್ಮ ಬಾಳಿನಿಂದಲೇ ತೋರಿಸಿಕೊಟ್ಟದ್ದೂ ಅಲ್ಲಿಯೇ. ಕೂಟದಲ್ಲಿ ಕ್ಷಮೆಯ ಬಗ್ಗೆ ಒಳ್ಳೆಯ ಪಾಠಗಳು ಆಗಿವೆ. ಅವನಿಗೆ ಮಾತ್ರ ಅದು ನಾಟಿದ್ದು ಸಿಪ್ಪೆಯ ರಾಶಿಯ ನಡುವೆ.

ಇಂಥ ಆಪ್ತತೆಗೆ ಎರಡು ಅಪಾಯಗಳಿವೆ. ನಮ್ಮಂಥ ಊರುಗಳಲ್ಲಿ ಎಲ್ಲರಿಗೂ ಎಲ್ಲರ ಪರಿಚಯವಿರುವುದರಿಂದ, ಕೂಟದಲ್ಲಿ ಕಣ್ಣೀರಿನೊಡನೆ ಹೇಳಿದ ಮಾತು ಮರುದಿನ ಸಂತೆಯಲ್ಲಿ ಕೇಳಿಬಂದರೆ ಆ ಮನುಷ್ಯ ಮತ್ತೆಂದೂ ಬಾಯಿ ಬಿಡುವುದಿಲ್ಲ. "ಪ್ರಾರ್ಥನಾ ವಿಷಯ" ಎಂಬ ಹೆಸರಿನಲ್ಲಿ ಹರಡುವ ಚಾಡಿಯನ್ನು ನಾಯಕರು ಅಲ್ಲಿಯೇ ತಡೆಯಬೇಕು. ಎರಡನೆಯದು, ಕಲಿಯುವವನು ಕಲಿಸುವವನಿಗೇ ಅಂಟಿಕೊಳ್ಳುವುದು. ನಾನು ಪೌಲನವನು, ನಾನು ಅಪೊಲ್ಲೋಸನವನು ಎಂಬ ಕೊರಿಂಥದವರ ಪಂಗಡಗಳನ್ನು ಪೌಲನೇ ಖಂಡಿಸಿದ್ದಾನೆ. ಯಾರ ಮದುವೆ, ಯಾರ ಕೆಲಸ ಎಂಬುದನ್ನೆಲ್ಲ ತಾನೇ ನಿರ್ಧರಿಸಲು ಹೊರಡುವ ನಾಯಕನು ಶಿಷ್ಯರನ್ನು ತನಗಾಗಿ ಕೂಡಿಸುತ್ತಿದ್ದಾನೆಯೇ ಹೊರತು ಕ್ರಿಸ್ತನಿಗಾಗಿ ಅಲ್ಲ.

ಮಳೆಗಾಲದಲ್ಲಿ ಸಂಜೆಯ ಕೊನೆಯ ಬಸ್ಸನ್ನು ನಂಬಿ ಹಳ್ಳಿಗಳಿಂದ ಜನರನ್ನು ಕರೆಸುವುದು ಸರಿಯಲ್ಲವೆಂದು ಈ ವರ್ಷ ನಮ್ಮ ಕೂಟ ಒಂದು ತೀರ್ಮಾನ ಮಾಡಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಂದೇ ದೊಡ್ಡ ಕೂಟ. ಉಳಿದ ವಾರಗಳಲ್ಲಿ ನಡೆದು ಹೋಗುವಷ್ಟು ಹತ್ತಿರದ ಇಬ್ಬರು ಅಥವಾ ಮೂವರು ಯಾರಾದರೊಬ್ಬರ ಅಡುಗೆಮನೆಯಲ್ಲಿ ಸೇರಿ, ಮಾರ್ಕನ ಸುವಾರ್ತೆಯ ಒಂದು ಅಧ್ಯಾಯ ಓದಿ, ಈ ವಾರ ಅದರಂತೆ ಏನು ಮಾಡುತ್ತೇವೆಂದು ಒಬ್ಬರಿಗೊಬ್ಬರು ಹೇಳಿಕೊಂಡು, ಮುಂದಿನ ವಾರ ಅದನ್ನೇ ಕೇಳಿಕೊಳ್ಳಬೇಕು. ಹಾಸಿಗೆ ಹಿಡಿದವರಿದ್ದರೆ ಆ ಗುಂಪು ಅವರ ಮನೆಯಲ್ಲಿಯೇ ಸೇರಬೇಕೆಂಬುದು ಹಿರಿಯಕ್ಕನ ಸಲಹೆ, ಅದನ್ನೂ ಒಪ್ಪಿಕೊಂಡಿದ್ದೇವೆ.