ಮಾತಲ್ಲಿ ವಾಲಿ ಗೆದ್ದ

ಚುನಾವಣಾ ಡಿಬೇಟ್ ಮುಗಿದ ಕೂಡಲೇ ಟಿವಿ ಆಫ್ ಮಾಡಿ. ಯಾರು ಗೆದ್ದರು ಅಂತ ನೀವೇ ತೀರ್ಮಾನಿಸಬೇಕಿದ್ದರೆ ಇದು ಬಹಳ ಮುಖ್ಯ. ಪ್ಯಾನೆಲ್‌ನಲ್ಲಿ ಕೂತವರು ಬಾಯಿ ತೆರೆಯುವ ಮೊದಲೇ ನಿಮ್ಮ ಅಂಕ ಕಾಗದದ ಮೇಲೆ ಇರಬೇಕು.

1976ರಲ್ಲಿ ಅಮೆರಿಕದಲ್ಲಿ ಏನಾಯಿತು ನೋಡಿ. ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಮತ್ತು ಚುನಾವಣೆಯಲ್ಲಿ ಅವರ ಎದುರಾಳಿ ಜಿಮ್ಮಿ ಕಾರ್ಟರ್ ನಡುವಿನ ಎರಡನೇ ಚರ್ಚೆ. ಪೂರ್ವ ಯುರೋಪಿನ ಮೇಲೆ ಸೋವಿಯತ್ ಹಿಡಿತವೇ ಇಲ್ಲ ಅಂದುಬಿಟ್ಟರು ಫೋರ್ಡ್. ಆ ರಾತ್ರಿಯೇ ಕೇಳಿದಾಗ ಫೋರ್ಡ್ ಗೆದ್ದರು ಅಂದವರು ಜಾಸ್ತಿ ಇದ್ದರು. ಮರುದಿನ ಪತ್ರಿಕೆ, ಟಿವಿ ಎಲ್ಲ ಆ ಒಂದು ಮಾತನ್ನೇ ಹಿಡಿದು ಜಗ್ಗಿದವು. ಆಮೇಲೆ ಕೇಳಿದರೆ ಕಾರ್ಟರ್ ಗೆದ್ದರು ಅನ್ನುವವರದೇ ದೊಡ್ಡ ಗುಂಪು. ಫೋರ್ಡ್ ಹೇಳಿದ್ದು ತಪ್ಪು, ಅದನ್ನು ತೋರಿಸಿಕೊಟ್ಟದ್ದು ಸರಿಯೇ. ಆದರೆ ತಪ್ಪು ತೋರಿಸುವುದು ಬೇರೆ, ಒಂದೂವರೆ ಗಂಟೆಯ ಮಾತನ್ನು ಒಂದೇ ವಾಕ್ಯಕ್ಕೆ ಇಳಿಸುವುದು ಬೇರೆ ಅಲ್ವಾ?

ನಾನು ಉಡುಪಿಯವಳು. ಕಾಲೇಜು ಮಕ್ಕಳ ಚರ್ಚಾಸ್ಪರ್ಧೆಗಳಿಗೆ ತೀರ್ಪುಗಾರಳಾಗಿ ಹೋಗುತ್ತೇನೆ. ಆದರೆ ಮಾತು ಅಳೆಯಲು ಕಲಿತದ್ದು ಅಪ್ಪನ ಪಕ್ಕ ಕೂತು ತಾಳಮದ್ದಳೆ ಕೇಳುವಾಗ. ಯಕ್ಷಗಾನದಿಂದ ವೇಷ, ಕುಣಿತ ತೆಗೆದರೆ ಉಳಿಯುವುದು ತಾಳಮದ್ದಳೆ. ಭಾಗವತರು ಪದ್ಯ ಹೇಳುತ್ತಾರೆ, ಬಿಳಿ ಪಂಚೆ ಉಟ್ಟ ಅರ್ಥಧಾರಿಗಳು ಕೂತಲ್ಲೇ ವಾದ ಮಾಡುತ್ತಾರೆ. ಕಿರೀಟವೂ ಇಲ್ಲ, ಬಣ್ಣವೂ ಇಲ್ಲ.

ಹಾಗಾಗಿ 1960ರ ಕೆನಡಿ–ನಿಕ್ಸನ್ ಚರ್ಚೆಯ ಕಥೆ ನಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತದೆ. ಆ ವರ್ಷ ಸೆಪ್ಟೆಂಬರ್ 26ಕ್ಕೆ ಶಿಕಾಗೋದಲ್ಲಿ ನಡೆದದ್ದು. ಮೊಣಕಾಲಿನ ಸೋಂಕಿನಿಂದ ಆಸ್ಪತ್ರೆಯಲ್ಲಿದ್ದು ಬಂದಿದ್ದ ನಿಕ್ಸನ್ ಟಿವಿಯಲ್ಲಿ ಬಳಲಿದಂತೆ ಕಂಡರು. ರೇಡಿಯೊ ಕೇಳಿದವರಿಗೆ ಅವರೇ ಗೆದ್ದಂತೆ ಅನಿಸಿತಂತೆ. ಈ ಮಾತಿಗೆ ಆಧಾರವಾದ ಸಮೀಕ್ಷೆ ಬಹಳ ಚಿಕ್ಕದು. ರೇಡಿಯೊ ಕೇಳಿದವರಲ್ಲಿ ಹಳ್ಳಿಗಾಡಿನವರು ಹೆಚ್ಚಿದ್ದು, ಅವರು ಮೊದಲೇ ನಿಕ್ಸನ್ ಕಡೆಯವರಾಗಿರಬಹುದು. ಅದರ ಮೇಲೆ ಜಾಸ್ತಿ ಭಾರ ಹಾಕಬಾರದು.

ಒಳ್ಳೆಯ ಅರ್ಥಧಾರಿ ಎದುರಿನವನ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತಾನೆ. ಅದನ್ನು ಪೂರ್ತಿ ಒಪ್ಪಿಸಿ, ಆಮೇಲೆ ಉತ್ತರ ಕೊಡುತ್ತಾನೆ. ಮನೆಯಿಂದ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಸುರಿಯುವವನನ್ನು ಅಪ್ಪ ಎರಡೇ ಪದ್ಯಕ್ಕೆ ಗುರುತಿಸುತ್ತಿದ್ದರು. "ಇವನಿಗೆ ಕಿವಿ ಇಲ್ಲ ಮಾರಾಯ್ತಿ" ಅನ್ನುತ್ತಿದ್ದರು. ನನ್ನ ಅಂಕಪಟ್ಟಿಯ ದೊಡ್ಡ ಪಾಲು ಇವತ್ತಿಗೂ ಈ ಕಿವಿಗೇ. ಪ್ರಶ್ನೆಗೆ ಉತ್ತರ ಬಂತಾ? ಎದುರಿನವರ ಬಲವಾದ ಮಾತನ್ನು ಮುಟ್ಟಿದರಾ? ಹೇಳಿದ್ದು ನಿಜವಾ? ಚಪ್ಪಾಳೆ ಗಿಟ್ಟಿಸುವ ಚುರುಕು ಮಾತಿಗೆ ಕೊಂಚ ಅಂಕ, ಅಷ್ಟೇ.

2024ರ ಕಮಲಾ ಹ್ಯಾರಿಸ್–ಡೊನಾಲ್ಡ್ ಟ್ರಂಪ್ ಚರ್ಚೆ ನಮ್ಮಲ್ಲಿ ಸೆಪ್ಟೆಂಬರ್ 11ರ ಬೆಳಿಗ್ಗೆ 6.30ಕ್ಕೆ ಶುರುವಾಯಿತು. ನಾಲ್ಕು ವರ್ಷದ ಹಿಂದಿಗಿಂತ ಜನ ಈಗ ಚೆನ್ನಾಗಿದ್ದಾರಾ ಎಂಬುದು ಮೊದಲ ಪ್ರಶ್ನೆ. ಹ್ಯಾರಿಸ್ ತಾನು ಮಧ್ಯಮ ವರ್ಗದವಳು ಅಂತ ಶುರುಮಾಡಿ ತನ್ನ ಯೋಜನೆಗಳಿಗೆ ಹೋದರು. ಹೌದು, ಇಲ್ಲ ಎರಡೂ ಹೇಳಲಿಲ್ಲ. ಅಲ್ಲಿ ಅಂಕ ಕಳೆದೆ. ಆಮೇಲೆ ವಲಸೆ ತಡೆಯುವ ಗಡಿ ಮಸೂದೆಯ ಪ್ರಶ್ನೆ ಬಂತು. ಟ್ರಂಪ್ ರ‍್ಯಾಲಿಗಳಿಂದ ಜನ ಬೇಸತ್ತು ಎದ್ದುಹೋಗುತ್ತಾರೆ ಅಂದರು ಹ್ಯಾರಿಸ್. ಟ್ರಂಪ್ ಮಸೂದೆ ಬಿಟ್ಟು ರ‍್ಯಾಲಿಯ ಹಿಂದೆ ಹೋದರು. ಅಲ್ಲಿಂದ ಒಹಾಯೊ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ವಲಸಿಗರು ನಾಯಿ, ಬೆಕ್ಕು ತಿನ್ನುತ್ತಿದ್ದಾರೆ ಎಂಬ ಆಧಾರವಿಲ್ಲದ ಮಾತಿಗೆ ಬಂದರು. ಆರೋಗ್ಯ ವಿಮೆಯ ಯೋಜನೆ ಇದೆಯಾ ಅಂದರೆ, ಯೋಜನೆಯ ಕಲ್ಪನೆಗಳಿವೆ ಅಂದರು. ನನ್ನ ಪಟ್ಟಿಯಲ್ಲಿ ಹ್ಯಾರಿಸ್ ಸ್ಪಷ್ಟವಾಗಿ ಮುಂದೆ. ಸಿಎನ್‌ಎನ್ ಸಮೀಕ್ಷೆಯಲ್ಲೂ ಹ್ಯಾರಿಸ್ ಗೆದ್ದರು ಅಂದವರು 63%, ಟ್ರಂಪ್ ಅಂದವರು 37%. ಅದು ಚರ್ಚೆ ನೋಡಿದ ಮತದಾರರ ಅಭಿಪ್ರಾಯ ಮಾತ್ರ, ಇಡೀ ದೇಶದ್ದಲ್ಲ.

ನವೆಂಬರಿನಲ್ಲಿ ಟ್ರಂಪ್ ಗೆದ್ದಾಗ ಸ್ಟಾಫ್‌ರೂಮಿನಲ್ಲಿ ಕೇಳಿದರು, ನಿಮ್ಮ ತೀರ್ಪು ಎಲ್ಲಿಗೆ ಬಂತು ಅಂತ. ತೀರ್ಪು ಅಲ್ಲೇ ಇದೆ. ಮರದ ಮರೆಯಿಂದ ಯಾಕೆ ಬಾಣ ಬಿಟ್ಟೆ ಅಂತ ವಾಲಿ ರಾಮನನ್ನು ಕೇಳುತ್ತಾನಲ್ಲ, ಎಷ್ಟೋ ರಾತ್ರಿ ಆ ವಾದದಲ್ಲಿ ವಾಲಿಯ ಅರ್ಥಧಾರಿಯೇ ಗೆದ್ದದ್ದನ್ನು ಕೇಳಿದ್ದೇನೆ. ಹಾಗಂತ ವಾಲಿ ಬದುಕಲಿಲ್ಲ. ಅವನ ಸಾವು ಕಥೆಯಲ್ಲಿ ಮೊದಲೇ ಇದೆ. 2004ರಲ್ಲಿ ಜಾನ್ ಕೆರಿ, 2016ರಲ್ಲಿ ಹಿಲರಿ ಕ್ಲಿಂಟನ್ ಸಮೀಕ್ಷೆಗಳ ಪ್ರಕಾರ ಚರ್ಚೆ ಗೆದ್ದರು, ಚುನಾವಣೆ ಸೋತರು. ಬೆಲೆಯೇರಿಕೆ, ಪಕ್ಷ, ಹಳೆಯ ಸಿಟ್ಟು ಇವೆಲ್ಲ ಒಂದು ರಾತ್ರಿಯ ಮಾತಿಗೆ ಕರಗುವುದಿಲ್ಲ.

ಆದರೆ 2024ರ ಜೂನ್ 27ರಂದು ಟ್ರಂಪ್ ಮತ್ತು ಆಗಿನ ಅಧ್ಯಕ್ಷ ಜೋ ಬೈಡನ್ ನಡುವೆ ನಡೆದ ಅಟ್ಲಾಂಟಾ ಚರ್ಚೆ ನನ್ನ ಪಟ್ಟಿಗೆ ಸಿಗಲಿಲ್ಲ. ಟ್ರಂಪ್ ಅವತ್ತೂ ಕೇಳಿದ್ದಕ್ಕೆ ಉತ್ತರ ಕೊಡದೆ ಜಾರಿಕೊಂಡದ್ದು ಬಹಳ. ಸುಳ್ಳೂ ಇತ್ತು. ಅವರಿಗೆ ನಾನು ಹಾಕಿದ್ದು ಕಡಿಮೆ ಅಂಕವೇ. ಅಷ್ಟರಲ್ಲಿ ಬೈಡನ್ ಮಾತಿನ ಎಳೆ ತಪ್ಪಿ, ಹುಡುಕಿ, ಕಡೆಗೆ ಹಿರಿಯರ ಸರಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಅನ್ನೇ ಸೋಲಿಸಿದೆವು ಅಂದು ನಿಂತರು. ಅದಕ್ಕೆ ಹಾಕಲು ನನ್ನ ಹತ್ತಿರ ಯಾವ ಕಾಲಮ್ಮೂ ಇರಲಿಲ್ಲ. ಜುಲೈ 21ಕ್ಕೆ ಅವರು ಸ್ಪರ್ಧೆಯಿಂದಲೇ ಹಿಂದೆ ಸರಿದರು.