ಲೋ ರೇಶಿಯೋ ಆಮೇಲೆ ಕೇಳಿ

ಹಳೆಯ ಟ್ರಕ್ಕಿಗೆ ಬೇರೆ ಟ್ರಾನ್ಸ್‌ಫರ್ ಕೇಸ್ ಕೂರಿಸಲು ಹೊರಟವರು ನನ್ನನ್ನು ಮೊದಲು ಕೇಳುವುದು ಲೋ ರೇಶಿಯೋ ಎಷ್ಟಿರಬೇಕು ಎಂದು. ಗೇರ್‌ಬಾಕ್ಸಿನ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆಯೇ ಟ್ರಾನ್ಸ್‌ಫರ್ ಕೇಸ್. ಅದರಲ್ಲಿ ಮಾಮೂಲಿ ಓಟಕ್ಕೆ ಹೈ, ನಿಧಾನವಾಗಿ ಬಲ ಹಾಕುವುದಕ್ಕೆ ಲೋ ಇರುತ್ತದೆ; ಲೋ ವೇಗವನ್ನು ಎಷ್ಟು ಪಟ್ಟು ಇಳಿಸುತ್ತದೆ ಎಂಬುದೇ ಲೋ ರೇಶಿಯೋ. ನಾನು ಆ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಟ್ರಕ್ಕಿನ ಅಡಿಗೆ ನುಗ್ಗಿ, ಮುಂದಿನ ಎರಡು ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ಎಡಕ್ಕಿದೆಯೋ ಬಲಕ್ಕಿದೆಯೋ ನೋಡಿಕೊಂಡು ಬನ್ನಿ ಎನ್ನುತ್ತೇನೆ. ಟ್ರಾನ್ಸ್‌ಫರ್ ಕೇಸಿನಿಂದ ಮುಂದಕ್ಕೆ ಹೋಗುವ ಶಾಫ್ಟು ಅದೇ ಮಗ್ಗುಲಿಗೆ ಹೊರಬರಬೇಕು. ಬರದಿದ್ದರೆ ಉಳಿದದ್ದೆಲ್ಲ ವ್ಯರ್ಥ ಚರ್ಚೆ. ಆಮೇಲೆ ಗೇರ್‌ಬಾಕ್ಸಿನ ಹೊರ ಶಾಫ್ಟಿನಲ್ಲಿ ಹಲ್ಲಿನಂಥ ಎಷ್ಟು ಸ್ಪ್ಲೈನ್‌ಗಳಿವೆ ಎಣಿಸಿ, ಬೋಲ್ಟು ತೂತುಗಳು ಹೊಂದುತ್ತವೆಯೇ ನೋಡಿ, ಸ್ಪೀಡೋಮೀಟರ್ ಕೇಬಲ್ಲಿನದೋ ಸೆನ್ಸರಿನದೋ ತಿಳಿದುಕೊಳ್ಳಿ. ಹೊಸ ಪೆಟ್ಟಿಗೆ ಹಳೆಯದಕ್ಕಿಂತ ಉದ್ದವೋ ಗಿಡ್ಡವೋ ಆಗಿದ್ದರೆ ಎರಡೂ ಪ್ರೊಪೆಲ್ಲರ್ ಶಾಫ್ಟುಗಳ ಅಳತೆ ಬದಲಾಗುತ್ತದೆ. ಪೆಟ್ಟಿಗೆಯ ಬೆಲೆ ಕೇಳಿ ಹಿಗ್ಗುವವರು ಈ ಶಾಫ್ಟುಗಳ ಖರ್ಚು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ.

ರೇಶಿಯೋ ಬಗ್ಗೆ ನನ್ನ ತಕರಾರು ಇಷ್ಟೇ: ಆ ಒಂದು ಅಂಕಿ ಒಂಟಿಯಾಗಿ ಏನನ್ನೂ ಹೇಳುವುದಿಲ್ಲ. ಗೇರ್‌ಬಾಕ್ಸಿನ ಮೊದಲ ಗೇರು, ಟ್ರಾನ್ಸ್‌ಫರ್ ಕೇಸಿನ ಲೋ, ಆಕ್ಸಲ್ಲಿನ ರೇಶಿಯೋ ಮೂರನ್ನೂ ಗುಣಿಸಿದಾಗ ಬರುವುದೇ ಟ್ರಕ್ಕು ಎಷ್ಟು ನಿಧಾನವಾಗಿ ತೆವಳಬಲ್ಲದು ಎಂಬುದರ ನಿಜವಾದ ಲೆಕ್ಕ. ಜೀಪುಗಳಲ್ಲಿ ಹೇರಳವಾಗಿ ಬಂದ ಟ್ರಾನ್ಸ್‌ಫರ್ ಕೇಸ್ ಎನ್‌ಪಿ 231ರ ಲೋ 2.72. ಮೊದಲ ಗೇರು 4.0, ಆಕ್ಸಲ್ 4.10 ಎಂದುಕೊಂಡರೆ ಗುಣಲಬ್ಧ ಸುಮಾರು 44.6. ನನ್ನ ಟ್ರಕ್ಕಿನಲ್ಲಿರುವುದು ಎರಕದ ಕಬ್ಬಿಣದ ಎನ್‌ಪಿ 205. ಅದರ ಲೋ ಬರೀ 1.96. ಕೇಳಿದವರು ಅಯ್ಯೋ ಎನ್ನುತ್ತಾರೆ. ಆದರೆ ಅದರ ಮುಂದೆ ಕೂತಿರುವ ಹಳೆಯ ಎಸ್‌ಎಂ 465 ಗೇರ್‌ಬಾಕ್ಸಿನ ಮೊದಲ ಗೇರು 6.55. ಅದೇ 4.10 ಆಕ್ಸಲ್ಲಿನೊಂದಿಗೆ ಗುಣಿಸಿ: 52.6. ಎಂಜಿನ್ 800 ಆರ್‌ಪಿಎಂನಲ್ಲಿ ಗುನುಗುತ್ತಿರುವಾಗ 30 ಇಂಚಿನ ಟೈರಿನ ಮೇಲೆ ಇದು ಗಂಟೆಗೆ 2.2 ಕಿಲೋಮೀಟರ್. ಆಕ್ಸಿಲರೇಟರ್ ಮುಟ್ಟದೆ, ಪಕ್ಕದಲ್ಲಿ ನಡೆಯುವವರು ಹಿಂದಿಕ್ಕಿ ಹೋಗುವಷ್ಟು ನಿಧಾನ. ಇದಕ್ಕಿಂತ ಹೆಚ್ಚು ನಿಧಾನ ನನಗೆ ಎಂದೂ ಬೇಕಾಗಿಲ್ಲ.

ಬೇಕಾಗುವವರು ಇದ್ದಾರೆ. ಬಂಡೆಗಳ ಮೇಲೆ ಒಂದೊಂದೇ ಚಕ್ರ ಇಟ್ಟು ಹತ್ತುವವರಿಗೆ 4:1 ಲೋ ವರದಾನ. 2003ರಲ್ಲಿ ಬಂದ ಜೀಪ್ ರ‍್ಯಾಂಗ್ಲರ್ ರೂಬಿಕಾನ್ ಕಾರ್ಖಾನೆಯಿಂದಲೇ ಅದನ್ನು ಹೊತ್ತು ಬಂತು. ಅದನ್ನು ನೋಡಿ ಆಸೆಪಟ್ಟು ಗೆಳೆಯನೊಬ್ಬ ತನ್ನ ಟ್ರಕ್ಕಿಗೂ 4:1 ಹಾಕಿಸಿಕೊಂಡ. ಅವನು ಹೆಚ್ಚಾಗಿ ಓಡಿಸುವುದು ಮರಳಿನಲ್ಲಿ. ಮರಳಿನಲ್ಲಿ ಚಕ್ರಕ್ಕೆ ವೇಗ ಬೇಕು, ನಿಂತರೆ ಹೂತುಹೋಗುತ್ತದೆ. ಅವನದು ಎರಡನೆಯ ಗೇರಿನಲ್ಲಿ ಎಂಜಿನ್ 3000ಕ್ಕೆ ಏರಿ ಕಿರುಚಿದರೂ ಗಂಟೆಗೆ ಹನ್ನೊಂದೋ ಹನ್ನೆರಡೋ ಕಿಲೋಮೀಟರ್ ದಾಟುವುದಿಲ್ಲ. ಲೋನಲ್ಲಿ ವೇಗವಿಲ್ಲ, ಹೈನಲ್ಲಿ ಬಲವಿಲ್ಲ. ಅಷ್ಟು ಇಳಿಸಿದ ಗೇರಿನಿಂದ ಹೊರಡುವ ತಿರುಚುಬಲವನ್ನು ಆಕ್ಸಲ್ ಶಾಫ್ಟೂ ಯೂನಿವರ್ಸಲ್ ಜಾಯಿಂಟೂ ತಾಳಬೇಕು ಎಂಬುದು ಬೇರೆ ಮಾತು. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇರುವವರಿಗಂತೂ ಟಾರ್ಕ್ ಕನ್ವರ್ಟರೇ ಹೊರಡುವಾಗ ಬಲವನ್ನು ಹೆಚ್ಚಿಸಿಕೊಡುತ್ತದೆ. ಅವರು ಇಷ್ಟು ಆಳಕ್ಕೆ ಇಳಿಯುವ ಅಗತ್ಯ ಕಡಿಮೆ.

ಮುಂದಿನ ಶಾಫ್ಟಿಗೆ ಬಲ ಸಾಗಿಸುವುದು ಗೇರಿನ ಪೆಟ್ಟಿಗೆಯೋ ಚೈನಿನದೋ? ನನ್ನ ಮನಸ್ಸು ಗೇರಿನ ಕಡೆಗಿದೆ, ಮುಚ್ಚಿಡುವುದಿಲ್ಲ. 205 ಅರವತ್ತು ಕಿಲೋ ಮೀರುವ ಕಬ್ಬಿಣದ ಗುಂಡು, ಹೆದ್ದಾರಿಯಲ್ಲಿ ಒಂದೇ ಸಮನೆ ಊಳಿಡುತ್ತದೆ, ಆದರೆ ಅದರಲ್ಲಿ ಹಿಗ್ಗುವ ಚೈನ್ ಇಲ್ಲ. ಚೈನಿನ ಪೆಟ್ಟಿಗೆ ಹಗುರ, ಸದ್ದಿಲ್ಲ, ದಿನವೂ ಓಡುವ ಟ್ರಕ್ಕಿಗೆ ಅದೇ ಮೇಲು ಎಂದು ಒಪ್ಪಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಹಳೆಯ ಪೆಟ್ಟಿಗೆ ಕೊಳ್ಳುವಾಗ ಮಾತ್ರ ಕೈಯಿಂದ ನೋಡಿ ಕೊಳ್ಳಿ. 231ರ ಬೆನ್ನಿಗೆ ದುಂಡನೆಯ ಲೋಹದ ಬಿಲ್ಲೆಯೊಂದಿರುತ್ತದೆ. ಮಾದರಿಯೂ ಲೋ ರೇಶಿಯೋವೂ ಅದರ ಮೇಲೆ ಅಚ್ಚಾಗಿರುತ್ತವೆ. ಬಿಲ್ಲೆ ಬಿದ್ದುಹೋಗಿದ್ದರೆ ಪೆಟ್ಟಿಗೆಯನ್ನು ಲೋಗೆ ಹಾಕಿ, ಹಿಂದಿನ ಶಾಫ್ಟಿನ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಗೇರ್‌ಬಾಕ್ಸಿನ ಕಡೆಯ ತುದಿಯನ್ನು ಕೈಯಿಂದ ತಿರುಗಿಸಿ. ಗೆರೆ ಒಂದು ಸುತ್ತು ಬರುವಷ್ಟರಲ್ಲಿ ನಿಮ್ಮ ಕೈ ಎರಡೂಮುಕ್ಕಾಲು ಸುತ್ತಿಗೆ ತುಸು ಕಡಿಮೆ ತಿರುಗಿಸಿದ್ದರೆ ಅದು 2.72. ಬಳಿಕ ಫೋರ್ ವೀಲ್‌ಗೆ ಹಾಕಿ ಮುಂದಿನ ಶಾಫ್ಟನ್ನು ಹಿಂದೆ ಮುಂದೆ ಅಲ್ಲಾಡಿಸಿ. ಬಿಗಿಯಾಗುವ ಮೊದಲು ಬಹಳ ಸಡಿಲು ತಿರುಗಿದರೆ ಚೈನ್ ಹಿಗ್ಗಿದೆ ಎಂದು ಅನುಮಾನಿಸಿ. ಆಯಿಲ್ ಪ್ಲಗ್ ಬಿಚ್ಚಿ ಬೆರಳು ಅದ್ದಿ ನೋಡಿ. ಮಿನುಗುವ ಪುಡಿ ಅಂಟಿದರೆ ಬೇರೆ ಪೆಟ್ಟಿಗೆ ಹುಡುಕಿ.

231ರ ಬಗ್ಗೆ ಇನ್ನೊಂದು ಮಾತು. ಅದರ ಹಿಂದಿನ ಶಾಫ್ಟು ಪೆಟ್ಟಿಗೆಯೊಳಗೆ ಜಾರಿಕೊಂಡು ಕೂರುವ ಬಗೆಯದು. ಹಿಂದಿನ ಶಾಫ್ಟು ಮುರಿದು ಅದನ್ನು ಎಳೆದು ತೆಗೆದರೆ ಆ ತೂತಿನಿಂದ ಆಯಿಲ್ ಚೆಲ್ಲಿಹೋಗುತ್ತದೆ. ಬೋಲ್ಟಿನಿಂದ ಬಿಗಿಯುವ ಯೋಕ್ (ಶಾಫ್ಟು ಕೂಡುವ ಕವಲು ತುಂಡು) ಇದ್ದರೆ ಮುರಿದ ಶಾಫ್ಟನ್ನು ಬಿಚ್ಚಿ ಹಿಂದೆ ಎಸೆದುಕೊಂಡು, ಫೋರ್ ವೀಲ್ ಹೈನಲ್ಲಿ ಮುಂದಿನ ಆಕ್ಸಲ್ ಒಂದರ ಮೇಲೆಯೇ ಮನೆಗೆ ಬರಬಹುದು. ಜನವಸತಿಯಿಲ್ಲದ ಕಡೆ ಓಡಿಸುವವರಾದರೆ ನಾನು ಲೋ ರೇಶಿಯೋಗಿಂತ ಮೊದಲು ಈ ಬದಲಾವಣೆಗೆ ಹಣ ಹಾಕಿ ಎನ್ನುತ್ತೇನೆ.

ಇನ್ನು ಲಿವರ್ ಎಳೆಯುವ ವಿಷಯ. ಟೂ ವೀಲ್‌ನಿಂದ ಫೋರ್ ವೀಲ್ ಹೈಗೆ ಹೋಗುವಾಗ ನಿಲ್ಲಬೇಕಾಗಿಲ್ಲ, ಆದರೆ ಸ್ಟೀರಿಂಗ್ ನೇರವಿರಲಿ, ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ, ಹಿಂದಿನ ಚಕ್ರಗಳು ಬುರುಬುರು ತಿರುಗುತ್ತಿರಬಾರದು. ಮುಂದಿನ ಚಕ್ರದ ಹಬ್‌ಗಳನ್ನು ಕೈಯಿಂದ ಲಾಕ್ ಮಾಡುವ ಟ್ರಕ್ಕಾದರೆ ಮೊದಲು ಇಳಿದು ಎರಡೂ ಹಬ್ ತಿರುಗಿಸಬೇಕು. ಹಬ್ ಲಾಕ್ ಬಿಚ್ಚಿದ್ದಾಗ ಮುಂದಿನ ಶಾಫ್ಟು ನಿಂತೇ ಇರುತ್ತದೆ; ನಿಂತ ಶಾಫ್ಟನ್ನು ಓಡುವ ಶಾಫ್ಟಿಗೆ ಒಮ್ಮೆಲೇ ಕಚ್ಚಿಸಲು ಹೋದರೆ ಕೇಳಿಸುವ ಕರಕರ ಹಲ್ಲುಗಳದೇ. ಲಾಕ್ ಆಗಿದ್ದರೆ ಎರಡೂ ಶಾಫ್ಟುಗಳು ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಸುತ್ತುತ್ತಿರುತ್ತವೆ, ಲಿವರ್ ಬೆಣ್ಣೆಯಲ್ಲಿ ಚಾಕು ಇಳಿದಂತೆ ಹೋಗುತ್ತದೆ.

ಲೋ ಬೇರೆ ಕತೆ. ಕೈಪಿಡಿ ಪೂರ್ತಿ ನಿಲ್ಲಿಸಿ ಎಂದಿದ್ದರೆ ನಿಲ್ಲಿಸಿ. ಹಾಗೆ ಹೇಳಿರದ ಹಳೆಯ ಪೆಟ್ಟಿಗೆಗಳಲ್ಲಿ ಗಂಟೆಗೆ ಮೂರರಿಂದ ಐದು ಕಿಲೋಮೀಟರ್ ವೇಗದಲ್ಲಿ ಉರುಳುತ್ತಿರುವಾಗ ಕ್ಲಚ್ ಒತ್ತಿ, ಗೇರ್‌ಬಾಕ್ಸನ್ನು ನ್ಯೂಟ್ರಲ್‌ನಲ್ಲಿಟ್ಟು, ಲಿವರನ್ನು ತಡವರಿಸದೆ ಒಂದೇ ಎಳೆತಕ್ಕೆ ಎಳೆಯಬೇಕು. ಪೂರ್ತಿ ನಿಂತರೆ ಹಲ್ಲಿನ ತುದಿಗೆ ಹಲ್ಲಿನ ತುದಿ ಎದುರಾಗಿ ಲಿವರ್ ಅರ್ಧದಲ್ಲೇ ಮೊಂಡು ಹಿಡಿಯುತ್ತದೆ. ಅರ್ಧದಲ್ಲಿ ಬಿಟ್ಟರೆ ಅದು ನ್ಯೂಟ್ರಲ್‌ನಲ್ಲಿರುತ್ತದೆ, ಅದೇ ಅಪಾಯದ ಜಾಗ. ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್‌ನಲ್ಲಿದ್ದರೆ ಗೇರ್‌ಬಾಕ್ಸಿಗೂ ಚಕ್ರಗಳಿಗೂ ಸಂಬಂಧವೇ ಇರುವುದಿಲ್ಲ. ಮೊದಲ ಗೇರಿನಲ್ಲಿ ನಿಲ್ಲಿಸಿದ್ದೇನೆ, ಪಾರ್ಕ್‌ನಲ್ಲಿ ಹಾಕಿದ್ದೇನೆ ಎಂದು ನಂಬಿ ಇಳಿದರೆ ಇಳಿಜಾರಿನಲ್ಲಿ ಟ್ರಕ್ಕು ತಾನೇ ಹೊರಟುಬಿಡುತ್ತದೆ. ಹ್ಯಾಂಡ್‌ಬ್ರೇಕ್ ಎಳೆದೇ ಇಳಿಯಿರಿ. ಏರಿಗೆ ಬೀಳುವ ಮುಂಚೆ, ಕೆಸರಿಗೆ ಇಳಿಯುವ ಮುಂಚೆ ಲೋ ಹಾಕಿ. ಅರ್ಧ ಏರಿನಲ್ಲಿ ಸಿಕ್ಕಿಹಾಕಿಕೊಂಡು ಲಿವರ್ ಹುಡುಕುವುದಕ್ಕೆ ಅರ್ಥವಿಲ್ಲ.

ಫೋರ್ ವೀಲ್‌ನಿಂದ ಹೊರಗೆ ಬರುವಾಗ ಲಿವರ್ ಬರುತ್ತಿಲ್ಲ ಎಂಬ ದೂರು ನನಗೆ ಅತಿ ಹೆಚ್ಚು ಬರುತ್ತದೆ. ಕೇಳಿದರೆ ಎಲ್ಲರದೂ ಒಂದೇ ಕಾರಣ: ಒಣ ಡಾಂಬರಿನ ಮೇಲೆ ಫೋರ್ ವೀಲ್‌ನಲ್ಲೇ ಓಡಿಸಿಕೊಂಡು ಬಂದಿರುತ್ತಾರೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ದೊಡ್ಡ ಸುತ್ತು ಹೊಡೆಯಬೇಕು. ಬೇಕಾದಾಗ ಮಾತ್ರ ಫೋರ್ ವೀಲ್ ಹಾಕುವ ಪಾರ್ಟ್ ಟೈಮ್ ಪೆಟ್ಟಿಗೆ ಎರಡೂ ಶಾಫ್ಟುಗಳನ್ನು ಒಂದೇ ವೇಗಕ್ಕೆ ಕಟ್ಟಿಹಾಕಿರುತ್ತದೆ. ಕೆಸರಿನಲ್ಲಾದರೆ ಟೈರು ಜಾರಿ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಡಾಂಬರಿನಲ್ಲಿ ಜಾರದೆ ಆ ವ್ಯತ್ಯಾಸವೆಲ್ಲ ಶಾಫ್ಟುಗಳಲ್ಲಿ ತಿರುಚಾಗಿ ಕೂಡುತ್ತ ಹೋಗಿ, ಒಳಗೆ ಶಾಫ್ಟುಗಳನ್ನು ಜೋಡಿಸುವ ಜಾರು ಕಾಲರ್ ಇಕ್ಕಳಕ್ಕೆ ಸಿಕ್ಕಿಕೊಳ್ಳುತ್ತದೆ. ಲಿವರಿನ ಮೇಲೆ ಕಾಲಿಟ್ಟು ಒದೆಯಬೇಡಿ. ಸ್ಟೀರಿಂಗ್ ನೇರ ಹಿಡಿದು ಕೆಲವು ಮೀಟರ್ ಹಿಂದಕ್ಕೆ ಹೋಗಿ, ಹಾಗೆ ಹೋಗುತ್ತಲೇ ಲಿವರನ್ನು ಮೆಲ್ಲಗೆ ಎಳೆದು ಹಿಡಿದಿರಿ. ಟಕ್ ಎಂದು ಬಿಟ್ಟುಕೊಡುತ್ತದೆ. ಬಿಡದಿದ್ದರೆ ಒಂದು ಬದಿಯ ಚಕ್ರಗಳನ್ನು ರಸ್ತೆ ಪಕ್ಕದ ಸಡಿಲು ಮಣ್ಣಿಗೆ ಇಳಿಸಿ. ಜಾಕ್ ಹಾಕಿ ಚಕ್ರ ಎತ್ತುವವರೂ ಇದ್ದಾರೆ. ನೆಲ ಬಿಟ್ಟ ಕ್ಷಣ ಕೂಡಿಟ್ಟ ತಿರುಚು ಬಿಚ್ಚಿ ಚಕ್ರ ಗಿರಕ್ಕನೆ ತಿರುಗುತ್ತದೆ. ಆಗ ಕೈ ಅಲ್ಲಿರಬಾರದು. ನೇರ ರಸ್ತೆಯಲ್ಲೂ ಹೀಗಾಗುತ್ತಿದ್ದರೆ ಮುಂದಿನ, ಹಿಂದಿನ ಟೈರುಗಳ ಅಳತೆ ಒಂದೇ ಇದೆಯೇ, ಒಂದು ಜೊತೆ ತೀರಾ ಸವೆದಿದೆಯೇ ನೋಡಿ.

ಲ್ಯಾಂಡ್ ರೋವರಿನ ಎಲ್‌ಟಿ 230 ಪೆಟ್ಟಿಗೆ ಇರುವವರಿಗೆ ಈ ತಾಪತ್ರಯವಿಲ್ಲ. ಮುಂದಿನ, ಹಿಂದಿನ ಶಾಫ್ಟುಗಳ ನಡುವೆಯೂ ಡಿಫರೆನ್ಷಿಯಲ್ ಇರುವುದರಿಂದ ಅದು ಸದಾ ಫೋರ್ ವೀಲ್. ಆದರೆ ಒಂದು ಚಕ್ರ ಗಾಳಿಯಲ್ಲಿ ತೇಲಿದರೆ ಬಲವೆಲ್ಲ ಅದರ ಪಾಲಾಗುತ್ತದೆ. ಲಿವರನ್ನು ಪಕ್ಕಕ್ಕೆ ತಳ್ಳಿ ಡಿಫ್ ಲಾಕ್ ಮಾಡಬೇಕು. ಲಾಕ್ ಮಾಡಿದ ಮೇಲೆ ಡಾಂಬರಿನ ನಿಯಮ ಅವರಿಗೂ ಅನ್ವಯಿಸುತ್ತದೆ.

ಸ್ವಿಚ್ಚಿನಲ್ಲಿ ಬದಲಾಗುವ ಟ್ರಕ್ಕಿರುವವರು ತಿಂಗಳಿಗೊಮ್ಮೆಯಾದರೂ ಮಣ್ಣುದಾರಿಗೆ ಇಳಿದು ಹೈ, ಲೋ ಎರಡನ್ನೂ ಹಾಕಿ ತೆಗೆಯಿರಿ. ಲಿವರಿನ ಬದಲು ಕೆಲಸ ಮಾಡುವ ಪುಟ್ಟ ಮೋಟಾರು ಟ್ರಕ್ಕಿನ ಹೊಟ್ಟೆಯ ಕೆಳಗೆ ನೀರು ಕೆಸರು ತಿನ್ನುತ್ತ ಕೂತಿರುತ್ತದೆ, ಕೆಲಸವಿಲ್ಲದಿದ್ದರೆ ತುಕ್ಕು ಹಿಡಿದು ಸೆಟೆದುಕೊಳ್ಳುತ್ತದೆ. ಲಿವರಿನ ಟ್ರಕ್ಕಾದರೆ ಜೋಡಣೆಯ ಪ್ಲಾಸ್ಟಿಕ್ ಬುಷ್‌ಗಳನ್ನು ನೋಡಿ. ಅವು ಸವೆದರೆ ಒಳಗೆ ಎಲ್ಲ ಸರಿಯಿದ್ದರೂ ಲೋ ಅರ್ಧ ಮಾತ್ರ ಬೀಳುತ್ತದೆ, ಭಾರ ಬಿದ್ದಾಗ ಹಾರಿಹೋಗುತ್ತದೆ. ಪೆಟ್ಟಿಗೆ ಇಳಿಸುವ ಮುಂಚೆ ಬುಷ್ ಬದಲಿಸಿ ನೋಡಿ.