ನರ್ಸರಿಯ ಜಪಾನಿ ಮೇಪಲ್: ಮೊದಲು ಬುಡ, ಆಮೇಲೆ ಕೊಂಬೆ

ಜಪಾನಿ ಮೇಪಲ್ ಕೊಳ್ಳಲು ಹೋದವರು ಎಲೆಯ ಬಣ್ಣಕ್ಕೆ ಮರುಳಾಗುತ್ತಾರೆ. ಬೋನ್ಸಾಯ್ ಮಾಡುವ ಇರಾದೆಯಿದ್ದರೆ ಎಲೆ ಬಿಟ್ಟು ಬುಡ ನೋಡಿ. ಕುಂಡ ಬದಲಿಸುವಾಗೆಲ್ಲ ನರ್ಸರಿಯವರು ಗಿಡವನ್ನು ಒಂದಿಷ್ಟು ಆಳಕ್ಕೆ ಕೂರಿಸಿರುತ್ತಾರೆ. ನಿಜವಾದ ಬುಡ ಎಷ್ಟೋ ಸಲ ಒಂದೆರಡು ಇಂಚು ಮಣ್ಣಿನಡಿ ಹೂತಿರುತ್ತದೆ. ಬೆರಳಲ್ಲಿ ಕೆದಕಿ. ಕಾಂಡ ಅಗಲವಾಗುತ್ತ ಇಳಿದು, ಸುತ್ತಲೂ ಒಂದೇ ಮಟ್ಟದಲ್ಲಿ ಬೇರು ಹೊರಟಿದ್ದರೆ ಕೊಳ್ಳಬಹುದು. ಕಾಂಡಕ್ಕೇ ಸುತ್ತಿಕೊಂಡ ಬೇರಿದ್ದರೆ ಅರ್ಧ ಬೆಲೆಗೆ ಕೊಟ್ಟರೂ ಬೇಡ.

ಇನ್ನೊಂದು, ಕಸಿಯ ಗುರುತು. ಬ್ಲಡ್‌ಗುಡ್, ಸಾಂಗೊ ಕಾಕು, ಸೀಳೆಲೆಯ ಡಿಸೆಕ್ಟಮ್ ಹೀಗೆ ಹೆಸರಿರುವ ತಳಿಗಳೆಲ್ಲ ಹೆಚ್ಚಾಗಿ ಹಸಿರೆಲೆಯ ಮಾಮೂಲಿ ಮೇಪಲ್ ಸಸಿಯ ಮೇಲೆ ಕಸಿ ಮಾಡಿದವು. ಬುಡದಿಂದ ಸ್ವಲ್ಪ ಮೇಲೆ ತೊಗಟೆಯ ಬಣ್ಣ ತಟ್ಟನೆ ಬದಲಾಗಿ, ಗಂಟು ಕಟ್ಟಿದ ಜಾಗ ಕಾಣುತ್ತದೆ. ತೋಟದಲ್ಲಿ ಅದು ಲೆಕ್ಕಕ್ಕಿಲ್ಲ, ಒಂದಡಿಯ ಮರದಲ್ಲಿ ಕಣ್ಣಿಗೆ ಹೊಡೆಯುತ್ತದೆ. ಮೇಲಿನದು, ಕೆಳಗಿನದು ಬೇರೆ ಬೇರೆ ವೇಗದಲ್ಲಿ ದಪ್ಪವಾಗುವುದರಿಂದ ವರ್ಷ ಕಳೆದಂತೆ ಇನ್ನೂ ಕೆಡುತ್ತದೆ. ಹೊಸಬರಿಗೆ ಬೀಜದಿಂದ ಬೆಳೆದ ಹಸಿರೆಲೆಯ ಅಗ್ಗದ ಸಸಿಯೇ ಮೇಲು.

ಬಣ್ಣದ ತಳಿಯೇ ಬೇಕೆಂದರೆ, ಗಿಡದಲ್ಲಿರುವಾಗಲೇ ಕಾಂಡಕ್ಕೆ ಬೇರು ಬರಿಸಿ ಆಮೇಲೆ ಕತ್ತರಿಸಿಕೊಳ್ಳಲು, ಕಸಿಯ ಮೇಲ್ಗಡೆ ಗೂಟಿ ಕಟ್ಟಬೇಕು. ವಸಂತದ ಮೊದಲ ಎಲೆಗಳು ಬಲಿತ ಮೇಲೆ, ಅಂದರೆ ಉತ್ತರ ಗೋಳಾರ್ಧದಲ್ಲಿ ಮೇ ಕೊನೆಯಿಂದ ಜೂನ್ ಒಳಗೆ. ಕಾಂಡ 2 ಸೆಂ.ಮೀ. ದಪ್ಪವಿದ್ದರೆ 3ರಿಂದ 4 ಸೆಂ.ಮೀ. ಅಗಲದ ತೊಗಟೆಯನ್ನು ಬಳೆಯಂತೆ ಸುತ್ತಲೂ ತೆಗೆಯಿರಿ. ಕೆಳಗಿನ ಹಸಿರು ಪದರವನ್ನು ಗಟ್ಟಿ ಬಿಳಿ ಮರ ಕಾಣುವವರೆಗೆ ಕೆರೆಯಬೇಕು. ಎಳೆಯಷ್ಟು ಹಸಿರು ಉಳಿದರೂ ತೊಗಟೆ ಸೇತುವೆ ಕಟ್ಟಿಕೊಂಡು ಬಿಡುತ್ತದೆ, ಬೇರು ಬರುವುದಿಲ್ಲ. ಬೇರು ಹೊರಡುವುದು ಮೇಲಿನ ಅಂಚಿನಿಂದ, ಎಲೆಯಿಂದ ಇಳಿಯುವ ಆಹಾರ ತಡೆದು ನಿಲ್ಲುವುದೇ ಅಲ್ಲಿ. ಆ ಅಂಚು ಹರಿತವಾದ ಚಾಕುವಿನದಾಗಿರಲಿ, ಬೇರು ಬರಿಸುವ ಪುಡಿಯೂ ಅಲ್ಲಿಗೇ. ನೆನೆಸಿ ಹಿಂಡಿದ ಸ್ಫಾಗ್ನಮ್ ಪಾಚಿ ಸುತ್ತಿ, ಪ್ಲಾಸ್ಟಿಕ್ ಹಾಳೆ ಬಿಗಿದು, ಒಣಗದಂತೆ ನೋಡಿಕೊಳ್ಳಿ. ಸಾಮಾನ್ಯವಾಗಿ 6ರಿಂದ 10 ವಾರಕ್ಕೆ ಬೇರು ಕಾಣುತ್ತದೆ. ಬಿಳಿ ಬೇರು ಕಂಡೊಡನೆ ಕತ್ತರಿಸುವ ಆತುರ ಬೇಡ, ಅದು ಕಂದು ಬಣ್ಣಕ್ಕೆ ತಿರುಗಿ ಕವಲೊಡೆಯಲಿ. ಕುಂಡಕ್ಕೆ ಹಾಕುವಾಗ ಪಾಚಿಯನ್ನು ಕೀಳಬೇಡಿ, ಎಳೆ ಬೇರು ಮುರಿಯುತ್ತದೆ. ಮೊದಲ ಚಳಿಗಾಲ ಹಿಮಗಟ್ಟದ ಜಾಗದಲ್ಲಿಡಿ.

ಬೇರಿನ ಕೆಲಸಕ್ಕೆ ಸರಿಯಾದ ಹೊತ್ತು ಚಳಿಗಾಲದ ಕೊನೆ, ಮೊಗ್ಗು ಉಬ್ಬಿ ಎಲೆ ಇನ್ನೂ ಬಿಚ್ಚದಿದ್ದಾಗ. ನೇರ ಕೆಳಗಿಳಿದ ದಪ್ಪ ಬೇರುಗಳನ್ನು ಬುಡಕ್ಕೇ ಕತ್ತರಿಸಿ, ಪಕ್ಕಕ್ಕೆ ಹರಡಿದವನ್ನು ಚಕ್ರದ ಅರಗಳಂತೆ ಬಿಡಿಸಿಡಿ. ಬುಡದಡಿ ಒಂದು ಹಂಚು ಇಟ್ಟರೆ ಬೇರು ಕೆಳಗಿಳಿಯದೆ ಹರಡುತ್ತದೆ. ಮಣ್ಣಿಗೆ ಅಕಡಾಮ (ಜಪಾನಿನ ಜೇಡಿಮಣ್ಣಿನ ಕಾಳು) 2 ಪಾಲು, ಪ್ಯೂಮಿಸ್ (ಹಗುರವಾದ ಜ್ವಾಲಾಮುಖಿ ಕಲ್ಲು) 1, ಲಾವಾ ಕಲ್ಲು 1. ಕಾಳು 3ರಿಂದ 6 ಮಿ.ಮೀ., ದೂಳನ್ನು ಜರಡಿ ಹಿಡಿದು ಬಿಸಾಕಿ. ಗಿಡವನ್ನು ತಂತಿಯಿಂದ ಕುಂಡಕ್ಕೆ ಕಟ್ಟಲೇಬೇಕು. ಗಾಳಿಗೆ ಅಲ್ಲಾಡಿದರೆ ಹೊಸ ಬೇರಿನ ತುದಿ ಹರಿಯುತ್ತದೆ.

ದೊಡ್ಡ ಕೊಂಬೆ ಕಡಿಯುವುದನ್ನು ಈ ಹೊತ್ತಿನಲ್ಲಿ ಇಟ್ಟುಕೊಳ್ಳಬೇಡಿ. ಚಳಿಗಾಲದ ಕೊನೆಗೆ ಮೇಪಲ್‌ನಲ್ಲಿ ರಸ ಏರುತ್ತಿರುತ್ತದೆ, ಕಡಿದಲ್ಲಿ ದಿನಗಟ್ಟಲೆ ತೊಟ್ಟಿಕ್ಕುತ್ತದೆ. ಬೇಸಿಗೆಯ ಮೊದಲಲ್ಲಿ ಎಲೆ ಬಲಿತ ಮೇಲೆ ಕಡಿದು ಗಾಯ ಮುಚ್ಚುವ ಪೇಸ್ಟ್ ಮೆತ್ತಿದರೆ ಆ ಋತುವಿನಲ್ಲೇ ತೊಗಟೆ ಸುತ್ತಿಕೊಳ್ಳತೊಡಗುತ್ತದೆ. ಕಾಂಡ ದಪ್ಪವಾಗಬೇಕೇ? ಬುಡದ ಹತ್ತಿರದ ಒಂದು ಕೊಂಬೆಯನ್ನು ಎರಡು ಮೂರು ವರ್ಷ ಮುಟ್ಟದೆ ಬೆಳೆಯಲು ಬಿಟ್ಟು ಆಮೇಲೆ ತೆಗೆಯಿರಿ.

ಮೇಪಲ್‌ನ ಪ್ರತಿ ಗೆಣ್ಣಲ್ಲೂ ಎದುರುಬದುರು ಎರಡು ಮೊಗ್ಗು. ಎರಡೂ ಚಿಗುರಿ, ನಡುವಿನದೂ ಮುಂದುವರಿದರೆ ಒಂದೇ ಗೆಣ್ಣಿಂದ ಮೂರು ಕವಲು. ಅಲ್ಲಿ ಉಬ್ಬು ಕಟ್ಟಿ, ಕೊಂಬೆ ತುದಿಯತ್ತ ದಪ್ಪವಾಗಿ ಕಾಣುತ್ತದೆ. ಎರಡು ಕವಲು ಉಳಿಸಿ, ಮೂರನೆಯದನ್ನು ಎಳೆಯದಾಗಿರುವಾಗಲೇ ತೆಗೆಯಿರಿ. ಮೊದಲ ಜೋಡಿ ಎಲೆ ಬಿಚ್ಚುವಾಗ ನಡುವಿನ ಕುಡಿಯನ್ನು ಚಿಮುಟದಲ್ಲಿ ಚಿವುಟಿದರೆ ಗೆಣ್ಣುಗಳ ಅಂತರ ಗಿಡ್ಡವಾಗುತ್ತದೆ. ಆದರೆ ಇದು ಗಿಡದ ಶಕ್ತಿ ಹೀರುವ ಕೆಲಸ. ಕಾಂಡ ಇನ್ನೂ ಬೆಳೆಯಬೇಕಾದ ಗಿಡವನ್ನು ವರ್ಷವರ್ಷ ಚಿವುಟುತ್ತ ಕೂತವರ ಗಿಡ ಬೆರಳ ದಪ್ಪದಲ್ಲೇ ಉಳಿಯುತ್ತದೆ. ಗೊಬ್ಬರದ್ದೂ ಇದೇ ಲೆಕ್ಕ: ಬೆಳೆಸುವಾಗ ಧಾರಾಳ, ಕೊಂಬೆ ತಿದ್ದುವ ಹಂತದಲ್ಲಿ ಮೊದಲ ಎಲೆ ಬಲಿಯುವವರೆಗೆ ಸಾರಜನಕ ಬಂದ್. ಅಲ್ಯೂಮಿನಿಯಂ ತಂತಿ ಸುತ್ತಿದ್ದರೆ ವಸಂತದಲ್ಲಿ ವಾರಕ್ಕೊಮ್ಮೆ ನೋಡಿ, ತೆಳು ತೊಗಟೆಗೆ ಬಲುಬೇಗ ಕಚ್ಚುತ್ತದೆ. ಬಿಚ್ಚುವಾಗ ತುಂಡರಿಸಿ ತೆಗೆಯಿರಿ, ಸುರುಳಿ ಬಿಚ್ಚಲು ಹೋದರೆ ಮೊಗ್ಗು ಮುರಿಯುತ್ತದೆ.

ಈ ಮರಕ್ಕೆ ಚಳಿಗಾಲದ ನಿದ್ದೆ ಬೇಕೇ ಬೇಕು. ನ್ಯೂಜೆರ್ಸಿಯಲ್ಲೋ ಇಂಗ್ಲೆಂಡಿನಲ್ಲೋ ಇರುವ ಕನ್ನಡಿಗರಿಗೆ ಅದು ಹೊರಗಿಟ್ಟರೆ ತಾನೇ ಸಿಗುತ್ತದೆ, ಬಿಸಿ ಮಾಡಿದ ಮನೆಯೊಳಗೆ ತಂದರೆ ಕೆಟ್ಟಿತು. ಬೆಂಗಳೂರಿನ ಚಳಿ ಇದಕ್ಕೆ ಚಳಿಯೇ ಅಲ್ಲ, ಅಲ್ಲಿರುವವರು ಆಲವನ್ನೋ ಬಸರಿಯನ್ನೋ ಹಿಡಿಯುವುದು ಲೇಸು.

ಬೇಸಿಗೆಯಲ್ಲಿ ಎಲೆಯಂಚು ಕರಕಲಾದರೆ ಮಧ್ಯಾಹ್ನದ ಬಿಸಿಲು, ಒಣಗಾಳಿಯಿಂದ ಮರೆ ಮಾಡಿ. ಒಂದು ಕೊಂಬೆ ಮಾತ್ರ ಇದ್ದಕ್ಕಿದ್ದಂತೆ ಬಾಡಿದರೆ ಅಡ್ಡ ಕತ್ತರಿಸಿ ನೋಡಿ. ಮರದೊಳಗೆ ಕಪ್ಪು ಕಲೆ ಕಂಡರೆ ವರ್ಟಿಸಿಲಿಯಮ್ ಶಿಲೀಂಧ್ರದ ಅನುಮಾನ. ಅದಕ್ಕೆ ಔಷಧಿಯಿಲ್ಲ. ಕಲೆಯಿಲ್ಲದ ಮರ ಸಿಗುವವರೆಗೆ ಕೊಂಬೆ ಕತ್ತರಿಸಿ, ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿದ ಮೇಲೆಯೇ ಪಕ್ಕದ ಗಿಡ ಮುಟ್ಟಿ. ಆ ಕುಂಡದ ಮಣ್ಣನ್ನು ಮತ್ತೆ ಬಳಸಬೇಡಿ.